ಬಾಯಿಲ್ಲದ ಪತಂಗಗಳ ಪಂಚಾಂಗ

ರೇಷ್ಮೆ ಎಂದರೆ ನಮ್ಮ ಚನ್ನಪಟ್ಟಣದ ಕಡೆಯ ಹೆಂಗಸರಿಗೆ ಎರಡು ಬಗೆ. ಒಂದು ಉಡುವ ರೇಷ್ಮೆ, ಇನ್ನೊಂದು ಸಾಕುವ ರೇಷ್ಮೆ. ಉಡುವುದು ವರ್ಷಕ್ಕೆ ನಾಲ್ಕು ಸಲ ಬೀರುವಿನಿಂದ ಹೊರಗೆ ಬಂದರೆ ಹೆಚ್ಚು. ಸಾಕುವುದು ಮಾತ್ರ ಮನೆಯ ಹೆಂಗಸರನ್ನು ಹಗಲೂ ರಾತ್ರಿಯೂ ಕೂರಗೊಡುವುದಿಲ್ಲ. ನನ್ನ ತವರಿನಲ್ಲಿ ಹುಳು ಸಾಕುತ್ತಿದ್ದರು. ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ ಎಂದು ಬಾಣಂತಿಯ ದಿನ ಎಣಿಸಿದಂತೆ ಅವ್ವ ಎಣಿಸುತ್ತಿದ್ದಳು. ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ ನಡುರಾತ್ರಿಯಲ್ಲೂ ಸೊಪ್ಪು ಹಾಕಬೇಕು. ಸಾವಿರಾರು ಹುಳುಗಳು ಒಟ್ಟಿಗೆ ಮೇಯುವಾಗ ಹೆಂಚಿನ ಮೇಲೆ ಸೋನೆ ಮಳೆ ಬಿದ್ದ ಹಾಗೆ ಸದ್ದಾಗುತ್ತದೆ. ಆ ಸದ್ದು ಕೇಳಿದರೆ ಅವ್ವನ ಮುಖ ಅರಳುತ್ತಿತ್ತು. ಸದ್ದು ಕಡಿಮೆಯಾದರೆ ಎದ್ದು ಕೂರುತ್ತಿದ್ದಳು.

ಆದರೆ ಈ ಹಿಪ್ಪುನೇರಳೆಯ ಹುಳುವಿನಿಂದ ಹುಟ್ಟುವ ಚಿಟ್ಟೆ ಹಾರಲಾರದು. ಸುಮಾರು ಐದು ಸಾವಿರ ವರ್ಷ ಮನುಷ್ಯರ ಕೈಯಲ್ಲಿ ಬೆಳೆದು ಅದಕ್ಕೆ ರೆಕ್ಕೆ ಉಳಿದಿದೆ, ಹಾರಾಟ ಹೋಗಿದೆ. ಪುಸ್ತಕದಲ್ಲಿ ಅದನ್ನು ಪತಂಗ ಎನ್ನಬೇಕು; ನಮ್ಮ ಕಡೆ ಅದೂ ಚಿಟ್ಟೆಯೇ. ಅದಕ್ಕೆ ಹಗಲು, ಇರುಳು, ಮಳೆಗಾಲ, ಬೇಸಿಗೆ ಎಲ್ಲವನ್ನೂ ನಾವೇ ಗೊತ್ತುಮಾಡುತ್ತೇವೆ.

ರೇಷ್ಮೆ ನೂಲುವ ಇನ್ನೊಂದು ಕುಲವಿದೆ. ಅದು ಕಾಡಿನದು, ಅಂಗೈಗಿಂತ ಅಗಲ ರೆಕ್ಕೆಯದು. ನಮ್ಮ ಟಸರ್ ಸೀರೆಯ ಪತಂಗ, ಅಸ್ಸಾಮಿನ ಮೂಗಾ ರೇಷ್ಮೆಯ ಪತಂಗ, ಮಲೆನಾಡಿನ ಮನೆಗಳ ದೀಪಕ್ಕೆ ಮಳೆಗಾಲದಲ್ಲಿ ಬಂದು ಮಕ್ಕಳನ್ನು ಬೆಚ್ಚಿಬೀಳಿಸುವ ಅಟ್ಲಾಸ್ ಪತಂಗ, ಎಲ್ಲವೂ ಆ ಕುಲಕ್ಕೆ ಸೇರಿದವು. ಇದೇ ಕುಲದ ಒಂದು ಶಾಖೆ ಅಮೆರಿಕದ ಪೂರ್ವ ಭಾಗದ ಕಾಡುಗಳಲ್ಲಿದೆ. ನಾನು ಇತಿಹಾಸ ಕಲಿಸುವವಳು, ಕೀಟಶಾಸ್ತ್ರ ಓದಿದವಳಲ್ಲ. ಆದರೂ ಆ ಶಾಖೆಗೆ ಮ್ಯಾಸಚೂಸೆಟ್ಸ್ ಪ್ರಾಂತ್ಯದಲ್ಲಿ ನೂರೈವತ್ತು ವರ್ಷಗಳಲ್ಲಿ ಆದದ್ದನ್ನು ಓದಿದಾಗ, ಯಾವ ರಾಜವಂಶದ ಕಥೆಗೂ ಇದು ಕಡಿಮೆಯಲ್ಲ ಎನ್ನಿಸಿತು. ಇದರಲ್ಲಿ ಯುದ್ಧವಿದೆ, ಖಜಾನೆ ಬರಿದಾಗುವುದಿದೆ, ಗೆಲ್ಲಲೆಂದು ಕರೆಸಿದ ಸಹಾಯಕನೇ ಮನೆಯವರ ಕುತ್ತಿಗೆಗೆ ಬರುವುದೂ ಇದೆ.

ನಾನು ಅಲ್ಲಿಗೆ ಹೋದದ್ದು ಪತಂಗ ನೋಡಲಿಕ್ಕಲ್ಲ, ಮಗಳ ಬಾಣಂತನಕ್ಕೆ. 2022ರ ಬೇಸಿಗೆ ರಜೆಗೆ ಇನ್ನಷ್ಟು ರಜೆ ಸೇರಿಸಿಕೊಂಡು, ಮೆಂತ್ಯ, ಓಮ, ಕೊಬ್ಬರಿ ಕಟ್ಟಿಕೊಂಡು ಬಾಸ್ಟನ್ ನಗರದ ಹತ್ತಿರದ ಒಂದು ಊರಿಗೆ ಹೋದೆ. ಬಾಣಂತನಕ್ಕೆ ಹೋದ ತಾಯಿಗೆ ರಾತ್ರಿಯೆಲ್ಲ ಎಚ್ಚರ. ಜೂನ್ ತಿಂಗಳಲ್ಲಿ ಒಂದು ರಾತ್ರಿ ಹನ್ನೊಂದರ ಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಾಡಿಸುತ್ತಿದ್ದೆ. ಬಾಗಿಲಿನ ಸೊಳ್ಳೆ ಪರದೆಯ ಹೊರಗೆ ಏನೋ ಪಟಪಟ ಬಡಿಯಿತು. ನೋಡಿದರೆ ನಸುಗಂದು ಬಣ್ಣದ ದೊಡ್ಡ ಪತಂಗ, ಹಿಂದಿನ ಎರಡೂ ರೆಕ್ಕೆಗಳ ಮೇಲೆ ಗೂಬೆಯ ಕಣ್ಣಿನಂಥ ಒಂದೊಂದು ಬೊಟ್ಟು. ಮಗಳು ಒಳಗಿನಿಂದ, "ಅಮ್ಮಾ, ಹೊರಗಿನ ದೀಪ ಆರಿಸಿಬಿಡು, ಪಾಪ, ಅದು ಹೋಗಲಿ" ಎಂದಳು. ಆರಿಸಿದೆ. ಮರುದಿನ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಅದರ ಹೆಸರು ಸಿಕ್ಕಿತು: ಪಾಲಿಫೀಮಸ್. ಗ್ರೀಕರ ಪುರಾಣದ ಒಕ್ಕಣ್ಣ ರಾಕ್ಷಸನ ಹೆಸರು. ಮೊಮ್ಮಗ ಮಲಗಿದಾಗಲೆಲ್ಲ ಆ ಗ್ರಂಥಾಲಯದ ಪುಸ್ತಕಗಳನ್ನು ತಂದು ಓದುತ್ತಾ ಹೋದೆ.

ಈ ಪತಂಗಗಳ ಬದುಕೆಲ್ಲ ಪಂಚಾಂಗದ ಪ್ರಕಾರ ನಡೆಯುತ್ತದೆ. ಅಮೆರಿಕದ ಆ ಭಾಗದಲ್ಲಿ ಮುಖ್ಯವಾಗಿ ನಾಲ್ಕನ್ನು ಹೆಸರಿಸುತ್ತಾರೆ. ಎಲ್ಲಕ್ಕಿಂತ ದೊಡ್ಡದು ಸಿಕ್ರೋಪಿಯಾ. ರೆಕ್ಕೆ ಬಿಚ್ಚಿದರೆ 15 ಸೆಂಟಿಮೀಟರಿನವರೆಗೆ, ಇಟ್ಟಿಗೆಗೆಂಪು ಅಂಚು. ಎರಡನೆಯದು ನಾನು ಕಂಡ ಪಾಲಿಫೀಮಸ್. ಮೂರನೆಯದು ಲೂನಾ, ಎಳೆ ಬಾಳೆಸುಳಿಯ ಹಸಿರು ಮೈ, ಹಿಂದೆ ಉದ್ದನೆಯ ಬಾಲ. ನಾಲ್ಕನೆಯದು ಪ್ರೊಮಿಥಿಯಾ. ಮ್ಯಾಸಚೂಸೆಟ್ಸಿನಲ್ಲಿ ಇವು ಹಾರುವುದು ಮೇ ತಿಂಗಳಿನಿಂದ ಜುಲೈವರೆಗೆ. ಅಲ್ಲಿಂದ ಮುಂದೆ ಹುಳುಗಳು ಎಲೆ ಮೇಯುತ್ತವೆ, ಮಳೆಚಳಿ ಶುರುವಾಗುವ ಮುಂಚೆ ಗೂಡು ಕಟ್ಟಿಕೊಳ್ಳುತ್ತವೆ. ಹಿಮ ಬೀಳುವ ತಿಂಗಳುಗಳನ್ನೆಲ್ಲ ಗೂಡಿನೊಳಗೆ ಕಳೆಯುತ್ತವೆ. ಸಿಕ್ರೋಪಿಯಾದ ಕೋಶವನ್ನು ಪಾಪ ಎಂದು ಬೆಚ್ಚಗಿನ ಮನೆಯೊಳಗೇ ಇಟ್ಟರೆ ಅದು ಸಕಾಲಕ್ಕೆ ಪತಂಗವಾಗುವುದಿಲ್ಲ. ಹಲವು ವಾರದ ಚಳಿ ತಿಂದ ಮೇಲೆಯೇ ಅದರ ಮಿದುಳು ಮುಂದಿನ ಬೆಳವಣಿಗೆಗೆ ಅಪ್ಪಣೆ ಕೊಡುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಕ್ಯಾರಲ್ ವಿಲಿಯಮ್ಸ್ ಎಂಬ ವಿಜ್ಞಾನಿ 1940ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟರು.

ಹೊರಗೆ ಬಂದ ಪತಂಗಕ್ಕೆ ತಿನ್ನಲು ಬಾಯಿಯೇ ಇಲ್ಲ. ಹುಳುವಾಗಿದ್ದಾಗ ತಿಂದದ್ದೇ ಬುತ್ತಿ. ಆ ಬುತ್ತಿ ಒಂದು ವಾರಕ್ಕೆ, ಹೆಚ್ಚೆಂದರೆ ಹತ್ತು ದಿನಕ್ಕೆ ಸಾಲುತ್ತದೆ. ಅಷ್ಟರೊಳಗೆ ಗಂಡು ಹೆಣ್ಣನ್ನು ಕಂಡುಕೊಳ್ಳಬೇಕು, ಹೆಣ್ಣು ಸರಿಯಾದ ಮರ ಹುಡುಕಿ ಮೊಟ್ಟೆ ಇಡಬೇಕು. ಹೆಣ್ಣು ಕೂತಲ್ಲೇ ಕೂತು ತನ್ನ ಮೈಯಿಂದ ಒಂದು ಪರಿಮಳವನ್ನು ಗಾಳಿಗೆ ಬಿಡುತ್ತದೆ. ಅದು ನಮ್ಮ ಮೂಗಿಗೆ ತಿಳಿಯದು. ಗಂಡು ತನ್ನ ಗರಿಯಂಥ ಮೀಸೆಗಳಿಂದ ಅದನ್ನು ಹಿಡಿದು ಒಂದು ಮೈಲಿಗೂ ಹೆಚ್ಚು ದೂರದಿಂದ ಹುಡುಕಿಕೊಂಡು ಬರುತ್ತದೆ.

ಹೀಗೆ ಕರೆಯುವುದಕ್ಕೂ ಗಳಿಗೆ ಇದೆ. ಪ್ರೊಮಿಥಿಯಾ ಇಳಿಹೊತ್ತಿನಲ್ಲಿ, ನಾವು ಸಂಜೆಯ ಕಾಫಿ ಕುಡಿಯುವ ಹೊತ್ತಿಗೆ. ಪಾಲಿಫೀಮಸ್ ರಾತ್ರಿ ಬಹಳ ಹೊತ್ತಾದ ಮೇಲೆ. ಲೂನಾ ನಡುರಾತ್ರಿಯ ಆಸುಪಾಸು. ಸಿಕ್ರೋಪಿಯಾ ಬೆಳಗಿನ ಜಾವ, ಹಾಲು ಕರೆಯುವವರು ಏಳುವ ಹೊತ್ತಿಗೆ. ಒಂದೇ ಕಾಡಿನಲ್ಲಿದ್ದರೂ ಒಬ್ಬರ ಮುಹೂರ್ತಕ್ಕೆ ಇನ್ನೊಬ್ಬರು ಅಡ್ಡ ಬರುವುದಿಲ್ಲ. ಇದನ್ನು ಲೆಕ್ಕ ಹಾಕಿ 1929ರಲ್ಲಿ ಪ್ರಕಟಿಸಿದವರು ಮಿಸ್ಸೂರಿ ಪ್ರಾಂತ್ಯದ ಫಿಲ್ ರಾವ್ ಮತ್ತು ನೆಲ್ಲಿ ರಾವ್ ದಂಪತಿ. ಹೆಸರು ಕೇಳಿ ನಮ್ಮ ಕಡೆಯ ರಾಯರೆಂದುಕೊಳ್ಳಬೇಡಿ, ಅವರು ಅಲ್ಲಿಯವರೇ. ಫಿಲ್ ರಾವ್ ಅಂಗಡಿ ನಡೆಸುತ್ತಿದ್ದವರು. ಗಂಡಹೆಂಡಿರು ಹೆಣ್ಣು ಪತಂಗಗಳನ್ನು ಪಂಜರದಲ್ಲಿಟ್ಟು, ಗಂಡುಗಳು ಯಾವ ಗಂಟೆಗೆ ಎಷ್ಟು ಬಂದವು ಎಂದು ರಾತ್ರಿ ರಾತ್ರಿ ಎಣಿಸಿ ಬರೆದರು.

ಆ ಗಡಿಯಾರ ಇರುವುದೆಲ್ಲಿ ಎಂಬುದಕ್ಕೆ ಉತ್ತರ ಸಿಕ್ಕಿದ್ದು 1970ರಲ್ಲಿ. ಜೇಮ್ಸ್ ಟ್ರೂಮನ್ ಮತ್ತು ಲಿನ್ ರಿಡಿಫೋರ್ಡ್ ಎಂಬ ವಿಜ್ಞಾನಿಗಳು, ಬೆಳಗಿನ ಹೊತ್ತು ಗೂಡಿನಿಂದ ಹೊರಬರುವ ಸಿಕ್ರೋಪಿಯಾದ ಮಿದುಳನ್ನೂ ಮಧ್ಯಾಹ್ನ ಕಳೆದ ಮೇಲೆ ಹೊರಬರುವ ಚೀನಾದ ಟಸರ್ ಪತಂಗದ ಮಿದುಳನ್ನೂ ಅದಲುಬದಲು ಮಾಡಿದರು. ಮಿದುಳು ಯಾರದೋ ಅವರ ಹೊತ್ತಿಗೆ ಪತಂಗ ಹೊರಬಂತು. ಲಿನ್ ರಿಡಿಫೋರ್ಡ್ ಹೆಣ್ಣುಮಗಳು ಎಂಬುದನ್ನು ನಮ್ಮ ಹುಡುಗಿಯರಿಗೆ ಹೇಳಲೇಬೇಕು.

ಈಗ ಕಥೆಯ ಮುಖ್ಯ ಪುರುಷನಿಗೆ ಬರುತ್ತೇನೆ. ಆತ ಎಟಿಯೆನ್ ಲಿಯೋಪೋಲ್ಡ್ ಟ್ರೂವೆಲೋ. ಹುಟ್ಟಿದ್ದು 1827ರಲ್ಲಿ ಫ್ರಾನ್ಸಿನಲ್ಲಿ. 1851ರಲ್ಲಿ ಅಲ್ಲಿ ಲೂಯಿ ನೆಪೋಲಿಯನ್ ಅಧಿಕಾರ ಕಿತ್ತುಕೊಂಡ ಮೇಲೆ ದೇಶ ಬಿಟ್ಟು ಅಮೆರಿಕಕ್ಕೆ ಬಂದು, ಬಾಸ್ಟನ್ ಪಕ್ಕದ ಮೆಡ್‌ಫರ್ಡ್ ಎಂಬ ಊರಿನ ಮಿರ್ಟಲ್ ಬೀದಿಯಲ್ಲಿ ಸಂಸಾರ ಹೂಡಿದ. ಕಸುಬು ಚಿತ್ರ ಬರೆಯುವುದು, ಹವ್ಯಾಸ ಹುಳು ಸಾಕುವುದು. ಆಗ ಯೂರೋಪಿನಲ್ಲಿ ರೇಷ್ಮೆ ಹುಳುವಿಗೆ ಪೆಬ್ರಿನ್ ಎಂಬ ರೋಗ ತಗುಲಿ ಸಾಕಣೆದಾರರು ದಿವಾಳಿಯಾಗುತ್ತಿದ್ದರು. ನಮ್ಮ ಕಡೆಯ ಹಳೆಯ ರೈತರಿಗೂ ಈ ರೋಗದ ಹೆಸರು ಗೊತ್ತು. ಅಮೆರಿಕದ ಕಾಡಿನ ಹುಳುವಿನಿಂದಲೇ ರೇಷ್ಮೆ ತೆಗೆದರೆ ಹೇಗೆ ಎಂದು ಟ್ರೂವೆಲೋ ಯೋಚಿಸಿ ಪಾಲಿಫೀಮಸ್ ಪತಂಗವನ್ನು ಆರಿಸಿಕೊಂಡ.

ಮೊದಲ ವರ್ಷ ಅವನಿಗೆ ಸಿಕ್ಕಿದ್ದು ಎರಡೇ ಹುಳು. ಎರಡರಲ್ಲಿ ಒಂದು ಗಂಡು, ಒಂದು ಹೆಣ್ಣು ಆಗಬೇಕು. ಆದರೂ ಎರಡೂ ಒಂದೇ ವಾರದಲ್ಲಿ ಗೂಡು ಬಿಟ್ಟು ಬರಬೇಕು. ಅವನ ಅದೃಷ್ಟಕ್ಕೆ ಎರಡೂ ಕೂಡಿಬಂದವು. 1865ರ ಹೊತ್ತಿಗೆ ಅವನ ಮನೆಯ ಹಿಂದಿನ ಐದು ಎಕರೆ ಕುರುಚಲು ಕಾಡಿಗೆ ಬಲೆ ಹೊದಿಸಿ, ಅದರೊಳಗೆ ಹತ್ತು ಲಕ್ಷ ಹುಳುಗಳನ್ನು ಮೇಯಿಸುತ್ತಿದ್ದನಂತೆ. ಈ ಲೆಕ್ಕ ಅವನೇ ಬರೆದದ್ದು. ನೂರು ಮೊಟ್ಟೆ ಹೆಚ್ಚಾದರೆ ಸೊಪ್ಪಿಗೆ ಪರದಾಡುವ ನಮ್ಮವರಿಗೆ ಆ ಕೆಲಸದ ಗಾತ್ರ ತಿಳಿದೀತು. ಟ್ರೂವೆಲೋ ಸೋಮಾರಿಯಲ್ಲ, ದುಷ್ಟನೂ ಅಲ್ಲ. ತಾನು ಸಾಕಿದ ಹುಳುವಿನ ದಿನಚರಿಯನ್ನು ಅಷ್ಟು ಸೂಕ್ಷ್ಮವಾಗಿ ಬರೆದವರು ಆ ಕಾಲದಲ್ಲಿ ಕಡಿಮೆ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. 1868-69ರ ಸುಮಾರಿಗೆ ಆತ ಯೂರೋಪಿನಿಂದ ಇನ್ನೊಂದು ಪತಂಗದ ಮೊಟ್ಟೆಗಳನ್ನು ತಂದ. ರೇಷ್ಮೆಯ ಪ್ರಯೋಗಕ್ಕೇ ತಂದದ್ದೆಂದು ಹಲವರು ಬರೆದಿದ್ದಾರೆ. ಅದರ ಹುಳು ಮೈತುಂಬ ಕೂದಲಿರುವ ಕಂಬಳಿಹುಳು, ನೂರಾರು ಜಾತಿಯ ಮರಗಿಡ ತಿನ್ನುವಂಥದು. ಅವನ ಮನೆಯಿಂದ ಒಂದಷ್ಟು ತಪ್ಪಿಸಿಕೊಂಡವು. ಟ್ರೂವೆಲೋ ಗಾಬರಿಯಾಗಿ ತಿಳಿದವರಿಗೆ ತಿಳಿಸಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆತ ಹುಳು ಸಾಕುವುದನ್ನು ಬಿಟ್ಟು ಆಕಾಶ ನೋಡುವುದಕ್ಕೆ ಹಿಡಿದ. 1872ರಲ್ಲಿ ಹಾರ್ವರ್ಡ್ ವೀಕ್ಷಣಾಲಯ ಸೇರಿ, ಗ್ರಹ ನಕ್ಷತ್ರಗಳ ಸಾವಿರಾರು ಚಿತ್ರ ಬರೆದು ಹೆಸರು ಗಳಿಸಿದ. 1882ರಲ್ಲಿ ಫ್ರಾನ್ಸಿಗೆ ಹಿಂದಿರುಗಿ 1895ರಲ್ಲಿ ತೀರಿಕೊಂಡ. ಚಂದ್ರನ ಮೇಲಿನ ಒಂದು ಕುಳಿಗೆ ಅವನ ಹೆಸರಿದೆ.

ಆ ಪತಂಗಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಜಿಪ್ಸಿ ಪತಂಗ ಎನ್ನುತ್ತಿದ್ದರು. ಜಿಪ್ಸಿ ಎಂಬುದು ಯೂರೋಪಿನ ರೋಮಾ ಜನರನ್ನು ಹೀಗಳೆಯುವ ಮಾತು. ಅವರ ಪೂರ್ವಜರು ನಮ್ಮ ದೇಶದಿಂದ ಹೊರಟವರು. ಅವರ ನುಡಿಗೂ ಹಿಂದಿಗೂ ನಂಟಿದೆ. ಒಂದು ಪೀಡೆಗೆ ಒಂದು ಜನಾಂಗದ ಹೆಸರೇಕೆ ಎಂದು ಅಮೆರಿಕದ ಕೀಟಶಾಸ್ತ್ರಜ್ಞರ ಸಂಘ 2022ರಲ್ಲಿ ಸ್ಪಾಂಜಿ ಪತಂಗ ಎಂದು ಬದಲಾಯಿಸಿತು. ಮೊಟ್ಟೆಯ ಗುಪ್ಪೆ ಸ್ಪಂಜಿನ ತುಂಡಿನಂತೆ ಕಾಣುವುದರಿಂದ ಆ ಹೆಸರು. ನಾನೂ ಅದನ್ನೇ ಬಳಸುತ್ತೇನೆ.

ಇಪ್ಪತ್ತು ವರ್ಷ ಸದ್ದಿಲ್ಲದೆ ಹಬ್ಬಿದ ಸ್ಪಾಂಜಿ ಪತಂಗ 1889ರ ಬೇಸಿಗೆಯಲ್ಲಿ ಮೆಡ್‌ಫರ್ಡಿನ ಮೇಲೆ ದಂಡೆತ್ತಿ ಬಂತು. ಮರಗಳು ಬೋಳಾದವು. ಹುಳುಗಳು ಬೇಲಿಯ ಮೇಲೆ, ಗೋಡೆಯ ಮೇಲೆ, ಹಾಸಿಗೆಯ ಮೇಲೂ ಹರಿದವು. ರಾತ್ರಿ ಅವು ಎಲೆ ಮೇಯುವ ಸದ್ದು ಮನೆಯೊಳಗೆ ಕೇಳುತ್ತಿತ್ತಂತೆ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಅವ್ವನಿಗೆ ಅನ್ನದ ಸದ್ದಾಗಿದ್ದದ್ದು ಆ ಹೆಂಗಸರಿಗೆ ಭಯದ ಸದ್ದಾಗಿತ್ತು. ಅವರು ಬಟ್ಟೆ ಒಣಗಹಾಕುವಂತಿಲ್ಲ, ಮಕ್ಕಳನ್ನು ಮರದ ಕೆಳಗೆ ಬಿಡುವಂತಿಲ್ಲ. ಹಗಲೆಲ್ಲ ಗುಡಿಸಿ, ಸೀಮೆಎಣ್ಣೆ ಹಾಕಿ, ಕುದಿಯುವ ನೀರು ಸುರಿದು ಕೊಂದರು. ಅವರ ಹೇಳಿಕೆಗಳೆಲ್ಲ 1896ರಲ್ಲಿ ಅಚ್ಚಾದ ದೊಡ್ಡ ವರದಿಯಲ್ಲಿ ಸೇರಿವೆ.

ಈ ಹುಳು ಯಾವುದೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ಅದೇ ಜೂನಿನಲ್ಲಿ ಮಾದರಿಗಳನ್ನು ಆಮ್‌ಹರ್ಸ್ಟ್ ಊರಿನ ಕೃಷಿ ಪ್ರಯೋಗ ಕೇಂದ್ರಕ್ಕೆ ಕಳಿಸಿದರು. ಅಲ್ಲಿನ ಪ್ರಾಧ್ಯಾಪಕ ಚಾರ್ಲ್ಸ್ ಫರ್ನಾಲ್ಡ್ ಯೂರೋಪಿಗೆ ಹೋಗಿದ್ದರು. ಪೊಟ್ಟಣ ಬಿಚ್ಚಿ, ಮಗನೊಂದಿಗೆ ಪುಸ್ತಕ ಹುಡುಕಿ, ಇದು ಇಂಥದೇ ಎಂದು ಹೇಳಿದವರು ಅವರ ಹೆಂಡತಿ ಮರಿಯಾ ಫರ್ನಾಲ್ಡ್. ಗಂಡನ ಕೆಲಸಕ್ಕೆ ಕೈಹಚ್ಚಿದ ಗೃಹಿಣಿ ಎಂದು ಅವರನ್ನು ತಳ್ಳಿಹಾಕುವಂತಿಲ್ಲ. 1903ರಲ್ಲಿ ಪ್ರಪಂಚದ ಶಲ್ಕಕೀಟಗಳ ಪಟ್ಟಿಯನ್ನು ಸಿದ್ಧಮಾಡಿ ಪ್ರಕಟಿಸಿದವರು ಅವರು.

ಮರುವರ್ಷ ಸರ್ಕಾರ ಯುದ್ಧ ಸಾರಿತು. ಆಳುಗಳನ್ನಿಟ್ಟು ಮೊಟ್ಟೆ ಕೆರೆಸಿದರು, ಮರಗಳಿಗೆ ಬೆಂಕಿ ಹಚ್ಚಿದರು. ಸೀಸ ಮತ್ತು ಪಾಷಾಣ ಸೇರಿದ ಲೆಡ್ ಆರ್ಸಿನೇಟ್ ಎಂಬ ವಿಷ ಬಳಕೆಗೆ ಬಂದದ್ದೇ ಈ ಯುದ್ಧದಲ್ಲಿ. ಹತ್ತು ವರ್ಷ ಹಣ ಸುರಿದು, ಪೀಡೆ ತಗ್ಗಿತೆಂದು 1900ರಲ್ಲಿ ನಿಲ್ಲಿಸಿದರು. ಅದು ಮತ್ತೆ ಎದ್ದಿತು. ಆಗ ಹೊಳೆದದ್ದು ಹೊಸ ಉಪಾಯ: ಯೂರೋಪಿನಲ್ಲಿ ಈ ಹುಳುವನ್ನು ಹತೋಟಿಯಲ್ಲಿಟ್ಟಿರುವ ಶತ್ರುಗಳನ್ನೇ ಕರೆತರೋಣ. ಹೀಗೆ ಬಂದವುಗಳಲ್ಲಿ ಒಂದು ಕಾಂಪ್ಸಿಲೂರ ಎಂಬ ನೊಣ. ಮೊದಲು ಬಿಟ್ಟದ್ದು 1906ರಲ್ಲಿ. ಹೆಣ್ಣು ನೊಣ ಹುಳುವಿನ ಮೈ ಚುಚ್ಚಿ ಒಳಗೆ ತನ್ನ ಮರಿಯನ್ನೇ ಇಡುತ್ತದೆ. ಮರಿ ಒಳಗಿನಿಂದ ತಿಂದು ಬೆಳೆಯುತ್ತದೆ.

ಇಲ್ಲಿ ದಯವಿಟ್ಟು ತಿಂಗಳುಗಳನ್ನು ಗಮನಿಸಿ. ಸ್ಪಾಂಜಿ ಪತಂಗದ ಹುಳು ಇರುವುದು ಮೇ ತಿಂಗಳಿನಿಂದ ಜುಲೈ ಮೊದಲ ವಾರದವರೆಗೆ ಮಾತ್ರ. ವರ್ಷಕ್ಕೆ ಒಂದೇ ಬೆಳೆ. ನೊಣಕ್ಕೋ ವರ್ಷಕ್ಕೆ ಮೂರು ನಾಲ್ಕು ತಲೆಮಾರು. ಮೊದಲ ತಲೆಮಾರಿಗೆ ಸ್ಪಾಂಜಿ ಹುಳುವಿನ ಔತಣ. ಅದರ ಮಕ್ಕಳು ಹುಟ್ಟುವ ಹೊತ್ತಿಗೆ ಔತಣ ಮುಗಿದು ಎಲೆ ಎತ್ತಿಯಾಗಿದೆ. ಆಗ ಮರದ ಮೇಲೆ ಇನ್ನೂ ಮೇಯುತ್ತಾ ಕೂತಿರುವವರು ಯಾರು? ಜೂನಿನಲ್ಲಿ ಹಾರಿದ ಸಿಕ್ರೋಪಿಯಾ, ಪ್ರೊಮಿಥಿಯಾ, ಲೂನಾಗಳ ಮಕ್ಕಳು. ಜುಲೈ, ಆಗಸ್ಟ್ ಎಲ್ಲ ಅವು ಕೊಂಬೆಯ ಮೇಲೆ, ಬೆರಳುದ್ದ ಬೆಳೆದು, ಹಸಿರಾಗಿ, ಮೆತ್ತಗೆ. ಪೀಡೆಯನ್ನು ತಿನ್ನಲು ಬಂದ ನೊಣ ಉಳಿದ ಬೇಸಿಗೆಯನ್ನು ಇವುಗಳ ಮೇಲೆ ಕಳೆಯಿತು.

ಈ ನೊಣ ನೂರೆಂಬತ್ತಕ್ಕೂ ಹೆಚ್ಚು ಜಾತಿಯ ಹುಳುಗಳನ್ನು ತಿನ್ನುತ್ತದೆಂದು ಈಗ ಲೆಕ್ಕವಿದೆ. ಆದರೂ 1986ರವರೆಗೆ ಬೇರೆ ಬೇರೆ ಪ್ರಾಂತ್ಯಗಳಲ್ಲಿ ಅದನ್ನು ಬಿಡುತ್ತಲೇ ಬಂದರು. ಇಷ್ಟಾಗಿ ಸ್ಪಾಂಜಿ ಪತಂಗ ಸೋತಿತೇ ಎಂದರೆ ಅದೂ ಇಲ್ಲ. 1981ರಲ್ಲಿ ಅದು ಸುಮಾರು 1 ಕೋಟಿ 29 ಲಕ್ಷ ಎಕರೆ ಕಾಡಿನ ಎಲೆ ತಿಂದು ದಾಖಲೆ ಮಾಡಿತು. ನೊಣದ ಪರವಾಗಿ ಒಂದು ಮಾತನ್ನೂ ಹೇಳಬೇಕು. ಬ್ರೌನ್‌ಟೇಲ್ ಎಂಬ ಇನ್ನೊಂದು ವಿದೇಶಿ ಪತಂಗದ ಹುಳುವಿನ ಕೂದಲಿನಿಂದ ಜನರಿಗೆ ಮೈಯೆಲ್ಲ ದದ್ದು ಏಳುತ್ತಿತ್ತು. ಅದನ್ನು ಬಹುಭಾಗ ಪ್ರದೇಶದಿಂದ ತೊಲಗಿಸಿದ್ದು ಈ ನೊಣವೇ ಎಂದು ವಿಜ್ಞಾನಿಗಳು ತೋರಿಸಿದ್ದಾರೆ.

ಸಿಕ್ರೋಪಿಯಾ ಕಡಿಮೆಯಾಗುತ್ತಿದೆ ಎಂದು ಪತಂಗಪ್ರಿಯರು ಐವತ್ತರ ದಶಕದಿಂದಲೇ ಹೇಳುತ್ತಿದ್ದರು. ಒಬ್ಬರು ಬೀದಿ ದೀಪ ಎಂದರು, ಇನ್ನೊಬ್ಬರು ಡಿಡಿಟಿ ಎಂದರು, ಮತ್ತೊಬ್ಬರು ಕಾಡು ಕಡಿದು ಮನೆ ಕಟ್ಟಿದ್ದು ಎಂದರು. ಎಲ್ಲದರಲ್ಲೂ ಸತ್ಯವಿದೆ. ಆದರೆ ಪರೀಕ್ಷೆ ಮಾಡಿ ನೋಡಿದ್ದು ಆಮ್‌ಹರ್ಸ್ಟ್‌ನಲ್ಲಿ, ಮರಿಯಾ ಫರ್ನಾಲ್ಡ್ ಪೊಟ್ಟಣ ಬಿಚ್ಚಿದ ಅದೇ ಊರಿನಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ಜಾರ್ಜ್ ಬೆಟ್ನರ್, ಜೋಸೆಫ್ ಎಲ್ಕಿಂಟನ್ ಮತ್ತು ಸಿಂಥಿಯಾ ಬೆಟ್ನರ್ ಅವರು ಐನೂರು ಸಿಕ್ರೋಪಿಯಾ ಹುಳುಗಳನ್ನು ಕಾಡಿನ ಮರಗಳ ಮೇಲೆ ಬಿಟ್ಟು ದಿನ ಎಣಿಸಿದರು. ಗೂಡು ಕಟ್ಟುವವರೆಗೆ ಒಂದೂ ಉಳಿಯಲಿಲ್ಲ. ಪರೀಕ್ಷಿಸಿ ನೋಡಿದಾಗ ಹೆಚ್ಚಿನ ಸಾವಿಗೆ ಕಾರಣ ಕಾಂಪ್ಸಿಲೂರ ನೊಣ. ಇದು ಪ್ರಕಟವಾದದ್ದು 2000ದಲ್ಲಿ, ನೊಣ ಬಂದು ತೊಂಬತ್ತನಾಲ್ಕು ವರ್ಷಗಳ ಮೇಲೆ.

ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರದ ಓದುಗರು ಇಷ್ಟು ಹೊತ್ತಿಗೆ ಊಜಿ ನೊಣವನ್ನು ನೆನೆದಿರುತ್ತೀರಿ. ನೆನೆದದ್ದು ಸರಿಯೇ, ಎರಡೂ ಒಂದೇ ಕುಟುಂಬದ ನೊಣಗಳು. ಬಂಗಾಳದ ಕಡೆಯಿಂದ ಬಂದ ಗೂಡುಗಳ ಜೊತೆ ಅದು ಕರ್ನಾಟಕಕ್ಕೆ ಕಾಲಿಟ್ಟದ್ದು 1980ರಲ್ಲಿ. ನಾನಾಗ ಪ್ರೈಮರಿ ಶಾಲೆಯ ಹುಡುಗಿ. ಹಣ್ಣಾದ ಹುಳುವಿನ ಮೈಮೇಲೆ ಕರಿಯ ಚುಕ್ಕೆ, ಚಂದ್ರಿಕೆಯ ಮೇಲೆ ತೂತು ಬಿದ್ದ ಗೂಡು. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ, ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯಿಲ್ಲ. ಅವ್ವ ಹುಳು ಮನೆಯ ಕಿಟಕಿ ಬಾಗಿಲಿಗೆಲ್ಲ ನೈಲಾನ್ ಬಲೆ ಹೊಡೆಸಿದಳು. ಒಳಗೆ ಹೋಗುವಾಗ ಒಬ್ಬರು ಬಲೆ ಎತ್ತಿದರೆ ಇನ್ನೊಬ್ಬರು ಸೆರಗಿನಿಂದ ನೊಣ ಬೀಸಬೇಕಿತ್ತು. ಮುಂದೆ ಊಜಿಯ ಕೋಶದೊಳಗೇ ಮೊಟ್ಟೆ ಇಡುವ ಒಂದು ಸಣ್ಣ ಕಣಜವನ್ನು ರೇಷ್ಮೆ ಇಲಾಖೆಯವರು ರೈತರಿಗೆ ಹಂಚಿದರು. ಅದರಿಂದ ಪ್ರಯೋಜನವೂ ಆಯಿತು. ಹಾಗಾಗಿ ಕೀಟದಿಂದ ಕೀಟವನ್ನು ಹಿಡಿಯುವುದೇ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಮನೆಗೆ ನೆಂಟರು ಬಂದಾಗ ನಾವು ಹೆಂಗಸರು ಮೊದಲು ಕೇಳಿಕೊಳ್ಳುವ ಪ್ರಶ್ನೆಯನ್ನು 1906ರಲ್ಲಿ ಯಾರಾದರೂ ಗಟ್ಟಿಯಾಗಿ ಕೇಳಬೇಕಿತ್ತು ಎನ್ನುತ್ತೇನೆ: ಈ ಊಟ ಮುಗಿದ ಮೇಲೆ ಮುಂದಿನ ಊಟಕ್ಕೆ ಏನು? ನೊಣದ ತಲೆಮಾರುಗಳನ್ನೂ ಹುಳುಗಳ ತಿಂಗಳುಗಳನ್ನೂ ಒಂದೇ ಹಾಳೆಯ ಮೇಲೆ ಪಕ್ಕಪಕ್ಕದಲ್ಲಿ ಬರೆದಿದ್ದರೆ ಉತ್ತರ ಕಾಣುತ್ತಿತ್ತು.

ಹುಳುಗಳ ತಿಂಗಳುಗಳನ್ನು ಬರೆದಿಟ್ಟವರು ಇರಲಿಲ್ಲವೇ? ಇದ್ದರು, ಅವರಲ್ಲಿ ಹೆಂಗಸರೂ ಇದ್ದರು. ನೊಣ ಬರುವುದಕ್ಕೆ ನಾಲ್ಕು ವರ್ಷ ಮೊದಲೇ, 1902ರಲ್ಲಿ, ಐಡಾ ಮಿಚೆಲ್ ಎಲಿಯಟ್ ಮತ್ತು ಕ್ಯಾರಲೈನ್ ಗ್ರೇ ಸೂಲ್ ಎಂಬ ಇಬ್ಬರು ಗೆಳತಿಯರು 'ಹುಳುಗಳು ಮತ್ತು ಅವುಗಳ ಪತಂಗಗಳು' ಎಂಬರ್ಥದ ಪುಸ್ತಕ ಪ್ರಕಟಿಸಿದ್ದರು. ಮನೆಯಲ್ಲೇ ಹುಳು ಸಾಕಿ, ಮೊಟ್ಟೆ ಯಾವಾಗ ಒಡೆಯಿತು, ಎಷ್ಟು ಸಲ ಪೊರೆ ಬಿಟ್ಟಿತು, ಏನು ತಿಂದಿತು, ಗೂಡು ಹೇಗೆ ಕಟ್ಟಿತು ಎಂದು ಬರೆದದ್ದು. ಅವ್ವನಿಗೆ ಅಕ್ಷರ ಬರುತ್ತಿದ್ದರೆ ಇಂಥದೇ ಒಂದು ಪುಸ್ತಕ ಬರೆಯುತ್ತಿದ್ದಳು.

1912ರಲ್ಲಿ ಇಂಡಿಯಾನ ಪ್ರಾಂತ್ಯದ ಕಾದಂಬರಿಕಾರ್ತಿ ಜೀನ್ ಸ್ಟ್ರಾಟನ್ ಪೋರ್ಟರ್, ಲಿಂಬರ್ಲಾಸ್ಟ್ ಎಂಬ ಜೌಗುಕಾಡಿನ ಪತಂಗಗಳ ಬಗ್ಗೆ ಪುಸ್ತಕ ಬರೆದರು. ಚಿತ್ರಗಳೂ ಅವರವೇ. ಅವರ 1909ರ ಕಾದಂಬರಿಯೊಂದರಲ್ಲಿ ಎಲ್ನೋರಾ ಎಂಬ ಬಡ ಹುಡುಗಿ ಪತಂಗಗಳನ್ನು ಹಿಡಿದು ಮಾರಿ ಹೈಸ್ಕೂಲಿನ ಖರ್ಚು ಹೊಂದಿಸಿಕೊಳ್ಳುತ್ತಾಳೆ. ಮನೆಯಲ್ಲಿ ಗೂಡು ಮಾರಿದ ವಾರ ಮಾತ್ರ ಶಾಲೆಯ ಶುಲ್ಕ ಕಟ್ಟುತ್ತಿದ್ದ ಹುಡುಗಿಯರು ನನ್ನ ತರಗತಿಯಲ್ಲೂ ಕೂತಿದ್ದರು. ಆ ಜೌಗುಕಾಡನ್ನು ಮರಕ್ಕಾಗಿ, ಎಣ್ಣೆಗಾಗಿ, ಬೇಸಾಯಕ್ಕಾಗಿ ಲೇಖಕಿಯ ಕಣ್ಣೆದುರೇ ಬಸಿದು ಒಣಗಿಸಿದರು. ಎಷ್ಟು ಪತಂಗಗಳಿದ್ದವು ಎಂಬುದು ಈಗ ನಮಗೆ ತಿಳಿಯುವುದು ಇಂಥವರ ಬರಹದಿಂದ. ಅವರು ಬರೆಯದಿದ್ದರೆ ಇಲ್ಲವಾದದ್ದು ಇತ್ತು ಎಂದು ಹೇಳಲು ಸಾಕ್ಷಿಯೇ ಇರುತ್ತಿರಲಿಲ್ಲ.

ಹೊರಡುವ ಮುಂಚಿನ ಭಾನುವಾರ ಅಳಿಯಂದಿರು ಕಾರಿನಲ್ಲಿ ಮೆಡ್‌ಫರ್ಡಿನ ಮಿರ್ಟಲ್ ಬೀದಿಗೆ ಕರೆದುಕೊಂಡು ಹೋದರು. ಮರದ ಮನೆಗಳ ಸಾಲು, ಅಂಗಳದಲ್ಲಿ ಮಕ್ಕಳ ಸೈಕಲ್ಲು. "ಇಲ್ಲೇನಿದೆ ಅತ್ತೆ ನೋಡೋಕೆ?" ಎಂದು ಅವರಿಗೆ ಆಶ್ಚರ್ಯ. ಪಾಣಿಪತ್ತಿನ ಮೈದಾನದಲ್ಲೂ ನೋಡಲಿಕ್ಕೆ ಹೆಚ್ಚೇನಿಲ್ಲ, ಓದಿದವರಿಗೆ ಕಾಣುತ್ತದೆ ಎಂದೆ.

ಊರಿಗೆ ಬಂದ ಮೇಲೆ ನಮ್ಮ ಶಾಲೆಯಲ್ಲಿ ಒಂದು ಕೆಲಸ ಆರಂಭಿಸಿದ್ದೇನೆ. ಇನ್ನೂರು ಪುಟದ ಒಂದು ನೋಟ್ ಪುಸ್ತಕಕ್ಕೆ ರಟ್ಟು ಹಾಕಿ ವಿಜ್ಞಾನದ ಕೊಠಡಿಯಲ್ಲಿ ನೇತುಹಾಕಿದ್ದೇವೆ. ದೊಡ್ಡ ಪತಂಗ ಕಂಡ ಮಕ್ಕಳು ದಿನಾಂಕ, ಗಂಟೆ, ಕಂಡ ಜಾಗ, ದೀಪ ಉರಿಯುತ್ತಿತ್ತೇ, ಮಳೆ ಬಂದಿತ್ತೇ, ಇಷ್ಟು ಬರೆಯಬೇಕು. ಟಸರ್ ಪತಂಗ ನಮ್ಮ ದೇಶದಲ್ಲಿ ಬೇಸಿಗೆಯನ್ನೆಲ್ಲ ಗೂಡಿನೊಳಗೆ ನಿದ್ದೆಮಾಡಿ, ಮಳೆ ಕಾಲಿಡುವ ಹೊತ್ತಿಗೆ ಹೊರಗೆ ಬರುತ್ತದೆಂದು ಪುಸ್ತಕಗಳು ಹೇಳುತ್ತವೆ. ಅದರ ಹುಳುವಿಗೆ ಮತ್ತಿ ಮರದ ಎಲೆ ಪ್ರಿಯ. ಮತ್ತಿ ನಮ್ಮ ಕಾಡುಗಳಲ್ಲೂ ಇದೆ. ನಮ್ಮ ತಾಲ್ಲೂಕಿನಲ್ಲಿ ಯಾವ ವಾರ, ಯಾವ ಹೊತ್ತು ಎಂಬುದನ್ನು ನಾವೇ ಬರೆಯಬೇಕು. ಮಲೆನಾಡಿನ ಓದುಗರಿಗೆ ನಮಗಿಂತ ಹೆಚ್ಚು ಅವಕಾಶವಿದೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಮೂಲೆಯಲ್ಲಿ ಒಂದು ಸಾಲು ಬರೆದರೂ ಸಾಕು.

ನಮ್ಮ ಪುಸ್ತಕದಲ್ಲಿ ಮೊದಲ ದಾಖಲೆ ಬರೆದವಳು ಎಂಟನೇ ತರಗತಿಯ ಹುಡುಗಿ. ಅಜ್ಜಿಯ ಮನೆಯ ಹಿತ್ತಲು, ಜೂನ್ 11, ರಾತ್ರಿ 9 ಗಂಟೆ 20 ನಿಮಿಷ, ಸಣ್ಣ ಮಳೆ, ರೆಕ್ಕೆಯ ಮೇಲೆ ನಾಲ್ಕು ಕಣ್ಣು. ಕೊನೆಯಲ್ಲಿ, ಯಾರೂ ಹೇಳಿಕೊಡದೆ, ತಾನೇ ಒಂದು ಸಾಲು ಸೇರಿಸಿದ್ದಳು: ದೀಪ ಆರಿಸಿದೆವು, ಹೋಯಿತು.